ಮೂಗು ಮುರಿದ ಗಾಯಕ
ಇವತ್ತೆಲ್ಲ ದಿ ಝಾಂಬೀಸ್ ಕೇಳ್ತಾ ಇದ್ದೀನಿ. 1961ರಲ್ಲಿ ಲಂಡನ್ ಹತ್ತಿರದ ಸೇಂಟ್ ಆಲ್ಬನ್ಸ್ ಊರಿನ ಸ್ಕೂಲ್ ಹುಡುಗರು ಕಟ್ಟಿದ ಬ್ಯಾಂಡ್. ಕಾಲಿನ್ ಬ್ಲನ್‌ಸ್ಟೋನ್ ಮೊದಲ ಪ್ರಾಕ್ಟೀಸಿಗೆ ಬಂದಿದ್ದು ರಗ್ಬಿ ಆಡಿ ಮೂಗು ಮುರಿದುಕೊಂಡು, ಮುಖಕ್ಕೆ ಪಟ್ಟಿ ಸುತ್ತಿಕೊಂಡು! ಆಗ ಅವನದು ಗಿಟಾರು, ಹಾಡಬೇಕಿದ್ದವನು ರಾಡ್ ಅರ್ಜೆಂಟ್. ರಾಡ್ ಪಿಯಾನೊ ನುಡಿಸಿದ್ದನ್ನು ಇವನು ಕೇಳಿದ, ಇವನು ಗುನುಗಿದ್ದನ್ನು ಅವನು ಕೇಳಿದ. ಜಾಗ ಅದಲುಬದಲು. ಜಗಳವೇ ಇಲ್ಲ! ಆ ವಯಸ್ಸಲ್ಲಿ ಮೈಕು ಬಿಟ್ಟುಕೊಡೋದು ಸಣ್ಣ ಮಾತಾ?

1964ರಲ್ಲಿ ಬ್ಯಾಂಡ್ ಸ್ಪರ್ಧೆ ಗೆದ್ದರು, ಡೆಕ್ಕಾ ಅನ್ನೋ ರೆಕಾರ್ಡ್ ಕಂಪನಿ ಜೊತೆ ಒಪ್ಪಂದ ಆಯ್ತು. ಆದರೆ ಇವರ 'ಟೈಮ್ ಆಫ್ ದ ಸೀಸನ್' ಹಾಡು 1969ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರುವಾಗ ಬ್ಯಾಂಡೇ ಒಡೆದಿತ್ತು. ಅಲ್ಲಿ ನಕಲಿ ಝಾಂಬೀಸ್‌ಗಳು ಊರೂರು ಸುತ್ತಿ ದುಡ್ಡು ಎಣಿಸಿದರು. ನನಗಂತೂ ಇನ್ನೂ ಹೊಟ್ಟೆ ಉರಿಯುತ್ತೆ.