ನಿಂತರೆ ಬಿಸಿ, ಓಡಿದರೆ ತಂಪು

ಕಾರಿನ ಏಸಿಯಿಂದ ಬೆಚ್ಚನೆ ಗಾಳಿ ಬರತೊಡಗಿದಾಗ ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ: ‘ಗ್ಯಾಸ್ ಖಾಲಿಯಾಗಿದೆ, ತುಂಬಿಬಿಡಿ.’ ಮೆಕ್ಯಾನಿಕ್ ಮರುಮಾತಾಡದೆ ತುಂಬಿದರು. ಎರಡು ದಿನ ಎಲ್ಲವೂ ಸರಿಹೋದಂತೆ ಕಂಡಿತು. ಆ ಎರಡು ದಿನವೂ ಮೋಡ ಕವಿದಿತ್ತು, ಓಡಾಟವೆಲ್ಲ ಹೆದ್ದಾರಿಯಲ್ಲಿತ್ತು ಎಂಬುದು ನನಗೆ ಹೊಳೆದದ್ದು ಆಮೇಲೆ. ಮೂರನೆಯ ದಿನ ಮತ್ತೆ ಅದೇ ಬಿಸಿಯುಸಿರು.

ಗುಟ್ಟು ಹಿಡಿದವಳು ಹೆಂಡತಿ. ‘ಸಿಗ್ನಲ್ ಬಂದಾಗಲೆಲ್ಲ ಕಿಟಕಿ ಇಳಿಸುತ್ತೀರಿ, ಹೊರಟ ಮೇಲೆ ಏರಿಸುತ್ತೀರಿ. ಯಾಕೆ?’ ಎಂದಳು. ಯಾಕೆಂದು ನನಗೇ ಗೊತ್ತಿರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು. ಮರುದಿನ ಅಡುಗೆಮನೆಯ ಥರ್ಮಾಮೀಟರನ್ನು ಏಸಿಯ ಕಿಂಡಿಗೆ ಸಿಕ್ಕಿಸಿಕೊಂಡು ಹೊರಟೆ. ಓಡುವಾಗ 9 ಡಿಗ್ರಿ. ಐದು ನಿಮಿಷ ನಿಂತರೆ 24.

ಏಸಿ ಕಾರಿನೊಳಗೆ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಚೆಲ್ಲುವ ಜಾಗ ಕಂಡೆನ್ಸರ್, ಅಂದರೆ ರೇಡಿಯೇಟರಿನ ಮುಂದೆ ಕೂತಿರುವ ಜಾಲರಿ. ಕಾರು ಓಡುವಾಗ ಎದುರುಗಾಳಿಯೇ ಅದನ್ನು ಆರಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಗ್ಯಾಸ್ ಕಡಿಮೆಯಿದ್ದರೂ ನಿಂತಾಗ ತಂಪು ಕೊಂಚ ಇಳಿಯಬಹುದು, ಆದರೆ ಓಡುವಾಗ ಇಷ್ಟು ಚೆನ್ನಾಗಿ ಕೊರೆಯುವ ಏಸಿಯನ್ನು ಗ್ಯಾಸಿಲ್ಲದ್ದು ಎಂದು ದೂರುವುದು ಅನ್ಯಾಯ.

ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಂತೆಯೇ ಏಸಿ ಹಾಕಿಸಿದೆ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಕ್ಲಚ್ ‘ಟಕ್’ ಎಂದು ಕಚ್ಚಿಕೊಂಡಿತು, ಪುಲ್ಲಿಯ ನಡುವಿನ ತಟ್ಟೆಯೂ ತಿರುಗತೊಡಗಿತು. ಅಲ್ಲಿಗೆ ಕಂಪ್ರೆಸರ್ ನಿರಪರಾಧಿ. ಫ್ಯಾನ್ ಮಾತ್ರ ಅಲ್ಲಾಡಲಿಲ್ಲ. ಒಂದು ಚೊಂಬು ನೀರನ್ನು ಕಂಡೆನ್ಸರಿನ ಮೇಲೆ ನಿಧಾನವಾಗಿ ಸುರಿದೆ. ಸುಯ್ ಎಂದು ಹಬೆ ಎದ್ದಿತು. ಒಳಗೆ ಕೂತಿದ್ದವಳು ‘ತಣ್ಣಗಾಯಿತು!’ ಎಂದು ಕೂಗಿದಳು. ಎರಡೇ ನಿಮಿಷ, ನೀರು ಆರಿತು, ಗಾಳಿ ಮತ್ತೆ ಬಿಸಿಯಾಯಿತು. ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ಫ್ಯೂಸ್ ಸರಿಯಿತ್ತು. ಮುಂದಿನ ಅನುಮಾನ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಹಾಯಿಸುವ ಸ್ವಿಚ್ಚಿನ ಮೇಲೆ. ಹಾರ್ನಿನ ರಿಲೇ ಅದೇ ಅಳತೆಯದು, ಅದೇ ನಂಬರಿನದು. ಕಿತ್ತು ಫ್ಯಾನಿನ ಜಾಗಕ್ಕೆ ಹಾಕಿದೆ. ಫಲವಿಲ್ಲ. ಫ್ಯಾನಿನ ಕನೆಕ್ಟರಿನಲ್ಲಿ ಮೀಟರ್ ಹಿಡಿದರೆ 12 ವೋಲ್ಟಿಗಿಂತ ಹೆಚ್ಚೇ ಬರುತ್ತಿದೆ. ಊಟ ಬಡಿಸಿದ್ದರೂ ಉಣ್ಣುತ್ತಿಲ್ಲ ಎಂದರೆ ರೋಗ ಉಣ್ಣುವವನದು. ಕನೆಕ್ಟರನ್ನು ಮತ್ತೆ ಸಿಕ್ಕಿಸಿ, ಉದ್ದನೆಯ ಮರದ ಹಿಡಿಯೊಂದರಿಂದ ಮೋಟಾರಿನ ಬೆನ್ನಿಗೆ ಮೆಲ್ಲಗೆ ಎರಡು ಏಟು ಕೊಟ್ಟೆ. ಫ್ಯಾನ್ ಬೆಚ್ಚಿಬಿದ್ದಂತೆ ತಿರುಗಿತು! (ಹಾಗಾಗಿಯೇ ಹೇಳುತ್ತೇನೆ, ನಿಂತಿರುವ ಫ್ಯಾನನ್ನು ನಂಬಿ ಬೆರಳು ಹಾಕಬೇಡಿ. ಎಂಜಿನ್ ಆರಿಸಿದ ಮೇಲೂ ಕೆಲವು ಕಾರುಗಳಲ್ಲಿ ಅದು ಎದ್ದು ಓಡುತ್ತದೆ.)

ಹೊಸ ಮೋಟಾರು ಹಾಕಿಸಿದೆ. ಹಳೆಯದನ್ನು ಮನೆಗೆ ತಂದು ಬಿಚ್ಚಿದೆ, ಕುತೂಹಲ ತಡೆಯಲಾಗಲಿಲ್ಲ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಎರಡು ಕಾರ್ಬನ್ ಬ್ರಷ್‌ಗಳಲ್ಲಿ ಒಂದು ಸವೆದು ಅಕ್ಕಿಕಾಳಿನಷ್ಟಾಗಿತ್ತು. ಸ್ಪ್ರಿಂಗ್ ಎಷ್ಟು ತಳ್ಳಿದರೂ ಅದು ಕಮ್ಯುಟೇಟರಿಗೆ, ಅಂದರೆ ಆ ತಿರುಗುವ ಭಾಗದ ತಾಮ್ರದ ಉರುಳೆಗೆ, ತಾಗುವಂತಿರಲಿಲ್ಲ. ನಾನು ತಟ್ಟಿದಾಗ ಅಲುಗಿ ತಾಗಿತ್ತು, ಅಷ್ಟೇ. ಒಳಗೆಲ್ಲ ಕಾಡಿಗೆಯಂಥ ಕರಿಪುಡಿ. ಮೇಜಿನ ಬಟ್ಟೆಗೂ ಹತ್ತಿ ಬೈಸಿಕೊಂಡೆ.

ಇಷ್ಟಾದರೂ ನಿಂತಾಗ 14 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಆಗ ಮೊದಲು ತುಂಬಿಸಿದ ಗ್ಯಾಸಿನ ನೆನಪಾಯಿತು. ಏಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಲ್ಲ. ಕೊಳವೆಗಳು ಸೋರದಿದ್ದರೆ ಅದು ಇದ್ದಷ್ಟು ಇರುತ್ತದೆ. ಹೆಚ್ಚಾದರೂ ಕಂಡೆನ್ಸರಿನಲ್ಲಿ ಒತ್ತಡ ಏರಿ ತಂಪು ಕೆಡುತ್ತದೆ. ನನ್ನ ಕಾರಿನ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ‘ಆರ್134ಎ, 450 ಗ್ರಾಂ’ ಎಂದು ಗ್ಯಾಸಿನ ಹೆಸರು, ಅಳತೆ ಅಚ್ಚಾಗಿದೆ. ಬೇರೊಂದು ಗ್ಯಾರೇಜಿನಲ್ಲಿ ಯಂತ್ರ ಹಚ್ಚಿ ಒಳಗಿದ್ದದ್ದನ್ನೆಲ್ಲ ಹೊರಗೆಳೆದು ತೂಗಿಸಿದೆ. 560 ಗ್ರಾಂ ಬಂತು. ಹೆಚ್ಚುವರಿ 110 ಗ್ರಾಮಿಗೆ ಮೊದಲ ಮೆಕ್ಯಾನಿಕ್ಕನ್ನು ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ತುಂಬಿಬಿಡಿ ಎಂದವನು ನಾನೇ.