ಟೇಪ್ ಕಪ್ಪಾಗಿತ್ತು, ಒಳಗೆ ಬೆಂದಿರಲಿಲ್ಲ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಸಣ್ಣ ಲ್ಯಾಬ್‌ನಲ್ಲಿ ನನ್ನ ಕೆಲಸ. ಟ್ರೈಕೋಡರ್ಮಾ ಬೆಳೆಸುತ್ತೇವೆ. ಇದು ಮಣ್ಣಿನಲ್ಲೇ ಇರುವ ಶಿಲೀಂಧ್ರ. ಹಟ್ಟಿಗೊಬ್ಬರ, ಬೇವಿನ ಹಿಂಡಿಯ ಜೊತೆ ಕಲಸಿ ಕಾಳುಮೆಣಸಿನ ಬುಡಕ್ಕೆ ಹಾಕಿದರೆ ಸೊರಗು ರೋಗ ತಡೆಯಲು ನೆರವಾಗುತ್ತದೆ.

ಇದನ್ನು ಬೆಳೆಸುವ ಕೆಲವು ಚೀಲಗಳು ಕೆಡುತ್ತವೆ. ಅದರೊಳಗೆ ಏನು ಬೆಳೆದಿದೆ ಎಂದು ಕಣ್ಣಲ್ಲಿ ನೋಡಿ ಹೇಳಲಾಗುವುದಿಲ್ಲ. ಹಾಗಾಗಿ ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸುವ ಮಿಷನ್‌ನಲ್ಲಿ, ಬೇಯಿಸಿಯೇ ಗುಂಡಿಗೆ ಹಾಕಬೇಕು. 15 ಪೌಂಡ್ ಒತ್ತಡ, 121 ಡಿಗ್ರಿ. ಚೀಲದ ಹೊರಗೆ ಅಂಟಿಸಿದ, ಬಿಸಿಗೆ ಬಣ್ಣ ಬದಲಾಗುವ ಟೇಪಿನ ಗೆರೆ ಕಪ್ಪಾದರೆ ಆಯ್ತು ಅಂತ ಎಲ್ಲರಿಗೂ ಕಲಿಸಿದ್ದು ನಾನೇ.

ಒಂದು ವರ್ಷ ಆಟಿ ತಿಂಗಳ ಮಳೆಗೆ ಗುಂಡಿ ತುಂಬ ನೀರು. ಬೇಯಿಸಿದ ಚೀಲಗಳು ಶೆಡ್‌ನಲ್ಲೇ ಉಳಿದವು. ನಾಲ್ಕನೇ ದಿನ ನೋಡಿದರೆ ಎರಡು ಚೀಲಗಳ ಒಳಗೆ, ನಟ್ಟನಡುವೆ ಮತ್ತೆ ಬೂಸ್ಟು! ಮಿಷನ್ ಹಾಳಾಗಿದೆ ಅಂತ ಸರ್ವಿಸ್‌ನವರಿಗೆ ಫೋನ್ ಮಾಡಲು ಹೊರಟೆ. ಪಾತ್ರೆ ತೊಳೆಯುವ ಅಕ್ಕ ಸುಮ್ನೆ ನಕ್ಕರು. "ಇಷ್ಟು ಒತ್ತಿ ತುಂಬಿಸಿದ್ರೆ ಅಟ್ಟಿನಳಗೆಯಲ್ಲಿ ಕೊಟ್ಟಿಗೆಯೂ ಬೇಯುದಿಲ್ಲ ಮೇಡಂ."

(ಅಟ್ಟಿನಳಗೆ ಅಂದರೆ ನಮ್ಮಲ್ಲಿ ಹಬೆಯಲ್ಲಿ ಬೇಯಿಸುವ ಪಾತ್ರೆ, ಕೊಟ್ಟಿಗೆ ಅಂದರೆ ಎಲೆಯಲ್ಲಿಟ್ಟು ಬೇಯಿಸುವ ಕಡುಬು.) ಅವರು ಹೇಳಿದ್ದೇ ಸರಿ. ಒಳಗಿನ ಗಾಳಿ ಹೊರಗೆ ಹೋಗದೆ ಹಬೆ ನುಗ್ಗುವುದಿಲ್ಲ. ಗಾಳಿ ಉಳಿದರೂ ಒತ್ತಡದ ಮುಳ್ಳು 15 ತೋರಿಸುತ್ತದೆ, ಬಿಸಿ ಮಾತ್ರ 121 ಮುಟ್ಟುವುದಿಲ್ಲ. ಇನ್ನು ಟೇಪಿಗೆ ಗೊತ್ತಿರುವುದು ಚೀಲದ ಹೊರಗಿನ ಸುದ್ದಿ ಅಷ್ಟೇ.

ಈಗ ಅರ್ಧ ಚೀಲ ಮಾತ್ರ ತುಂಬುತ್ತೇವೆ, ಬಾಯಿ ಬಿಗಿಯಾಗಿ ಕಟ್ಟುವುದಿಲ್ಲ. ವಾರಕ್ಕೊಮ್ಮೆ ಚೀಲದ ನಡುವೆ ಒಂದು ನೇರಳೆ ಬಣ್ಣದ ಪರೀಕ್ಷೆ ಸೀಸೆ ಹುಗಿದಿಡುತ್ತೇವೆ. ಹಬೆಗೆ ಸುಲಭವಾಗಿ ಸಾಯದ ಜಿಯೊಬೆಸಿಲಸ್ ಬ್ಯಾಕ್ಟೀರಿಯಾದ ಬೀಜಕಣ ಅದರಲ್ಲಿರುತ್ತದೆ. ಬೇಯಿಸಿದ ಮೇಲೆ ಎರಡು ದಿನ ಬೆಚ್ಚಗೆ ಇಟ್ಟಾಗ ಹಳದಿಯಾದರೆ, ಬದುಕಿದೆ ಎಂದೇ ಲೆಕ್ಕ. (ಮಿಷನ್‌ಗೆ ಪ್ರಾಜೆಕ್ಟಿನಲ್ಲಿ ದುಡ್ಡಿತ್ತು, ಸೀಸೆಗೆ ಇರಲಿಲ್ಲ. ಅದಕ್ಕೆ ನಡೆದ ಜಗಳ ಬೇರೆಯೇ ಕತೆ.) ಗೋಡೆಯ ಮೇಲಿದ್ದ ಇಂಗ್ಲಿಷ್ ಹಾಳೆ ತೆಗೆದು ಕನ್ನಡ, ಮಲಯಾಳಂನಲ್ಲಿ ಬರೆದೆವು. "ಸಡಿಲವಾಗಿ" ಅಂತ ಬರೆದಿದ್ದೆ. ಅಕ್ಕ "ಲೂಸ್" ಮಾಡಿಸಿದರು.

ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳು ಇವು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ದೇಶದಲ್ಲಿ ತಡೆಯಿತು, ಆದರೆ "ಏನೂ ಆಗುವುದಿಲ್ಲ" ಎಂಬ ಮಾತನ್ನು ಇಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ, ಅಲ್ವಾ? ಪಕ್ಕದ ತೋಟದ ಅಣ್ಣ ಗುಂಡಿ ನೋಡಿ ವಿಚಾರಿಸಿದಾಗ ಸೀಸೆ ತೋರಿಸಿದೆ. "ಹಳದಿ ಆದ್ರೆ ನಮಗೂ ಹೇಳ್ತೀರಾ?" ಅಂದರು.

ಈಗ ಸೀಸೆಯ ಬಣ್ಣ ಬರೆದಿಡುವ ಪುಸ್ತಕ ಗೇಟಿನ ಮೊಳೆಯಲ್ಲಿ ನೇತಾಡುತ್ತಿದೆ. ಎರಡು ಸಲ ಹಳದಿ ಬಂದದ್ದೂ ಅದರಲ್ಲಿದೆ.