ಉತ್ತರಕ್ಕೂ ಮುಂಚಿನ ತಡೆ

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಸಂವಹನ ಓದುತ್ತಿದ್ದೇನೆ ಅಂದರೆ ನೆಂಟರೆಲ್ಲ 'ಟಿವಿ ಆ್ಯಂಕರ್ ಆಗ್ತೀಯಾ?' ಅಂತ ಕೇಳುತ್ತಾರೆ. ಮಾಧ್ಯಮದ ಪಾಠವೂ ಇದೆ, ನಿಜ. ನನ್ನನ್ನು ಹಿಡಿದಿಟ್ಟಿರುವುದು ಮಾಮೂಲಿ ಮಾತುಕತೆಯ ಓದು.

ಒಬ್ಬರಾದ ಮೇಲೆ ಒಬ್ಬರು ಮಾತಾಡುವುದಕ್ಕೂ ಒಂದು ಕ್ರಮವಿದೆ ಅಂತ ಸಂಶೋಧಕರಾದ ಸ್ಯಾಕ್ಸ್, ಶೆಗ್ಲಾಫ್, ಜೆಫರ್ಸನ್ 1974ರಲ್ಲಿ ತೋರಿಸಿದರು. 2009ರ ಅಧ್ಯಯನವೊಂದು 10 ಭಾಷೆಗಳನ್ನು ಹೋಲಿಸಿತು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಸರಾಸರಿ ಸುಮಾರು 0.2 ಸೆಕೆಂಡ್ ಅಷ್ಟೇ! ಎದುರಿನವರು ಮುಗಿಸುವ ಮೊದಲೇ ನಾವು ಉತ್ತರ ಜೋಡಿಸಿಕೊಂಡಿರುತ್ತೇವೆ. ಒಪ್ಪಿಗೆ ಬೇಗ ಬರುತ್ತದೆ, ನಿರಾಕರಣೆ ತಡವಾಗಿ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ, ಇಬ್ಬರ ಒಪ್ಪಿಗೆ ಪಡೆದೇ, ಅಜ್ಜಿಯ ಫೋನ್ ಮಾತು ರೆಕಾರ್ಡ್ ಮಾಡಿ ಉಸಿರು, ಮೌನ ಸಮೇತ ಬರೆದುಕೊಂಡೆ. 'ಗೃಹಪ್ರವೇಶಕ್ಕೆ ಬರ್ತೀರಲ್ಲಾ?' ಅಂದರು ಆ ಕಡೆಯವರು. ಅಜ್ಜಿ ಉಸಿರೆಳೆದು, 'ಅದೂ... ಮಂಡಿನೋವು ಕಣಮ್ಮ, ನೋಡೋಣ' ಅಂದರು. ಬರಲ್ಲ ಅನ್ನಲೇ ಇಲ್ಲ. ಆದರೂ ಆ ಕಡೆಯಿಂದ ತಕ್ಷಣ, 'ಪರವಾಗಿಲ್ಲ ಬಿಡಿ, ಊಟ ಮನೆಗೇ ಕಳಿಸ್ತೀನಿ.' ತಡೆ, ಕಾರಣ, ಆಮೇಲೆ ಅರ್ಧ ಉತ್ತರ: ತರಗತಿಯಲ್ಲಿ ಕಲಿತ ಸಾಲಿನಲ್ಲೇ ಬಂದಿತ್ತು. ಎಷ್ಟು ನಾಜೂಕು, ಅಲ್ವಾ?

ಮುಂದಿನ ಸೆಮಿಸ್ಟರ್‌ಗೆ ಡಾಕ್ಟರ್ ಮತ್ತು ರೋಗಿಗಳ ಮಾತುಕತೆ ತೆಗೆದುಕೊಳ್ಳಬೇಕು ಅಂತಿದ್ದೇನೆ. ಅಲ್ಲಿ 'ಹೂಂ' ಅಂದವರಿಗೆಲ್ಲ ಮಾತ್ರೆ ಯಾವಾಗ ತಗೋಬೇಕು ಅಂತ ನಿಜಕ್ಕೂ ತಿಳಿದಿರುತ್ತದಾ?